ಕಾಯುವ ಸರಕಿನ ಲೆಕ್ಕ

ರಷ್ಯಾದ ತ್ವೇರ್ ನಗರದ ವರ್ತಕ ಅಫಾನಾಸಿ ನಿಕಿತಿನ್ 1470ರ ಸುಮಾರಿಗೆ ಬೀದರಿಗೆ ಬಂದಾಗ ಮಾರಲು ತಂದಿದ್ದುದು ಒಂದು ಕುದುರೆ. ಹೊರ್ಮುಜ್‌ನಿಂದ ಹಡಗಿನಲ್ಲಿ ಚೌಲ್ ಬಂದರಿಗೆ, ಅಲ್ಲಿಂದ ಜುನ್ನರ್ ಮಾರ್ಗವಾಗಿ ಬಹಮನಿ ರಾಜಧಾನಿಗೆ ಅದರ ಪಯಣ. ಕುದುರೆ ಮಾರಾಟವಾಗುವಷ್ಟರಲ್ಲಿ ಒಂದು ವರ್ಷ ಮೇವು ಹಾಕಿ ಸಾಕಬೇಕಾಯಿತು, ಅದಕ್ಕೆ 68 ಫುತೂನ್ ನಾಣ್ಯ ಖರ್ಚಾಯಿತು ಎಂದು ಆತ ತನ್ನ ಪ್ರವಾಸಕಥನದಲ್ಲಿ ಬರೆದಿಟ್ಟಿದ್ದಾನೆ. ಸರಕು ನಿಂತರೂ ಅದರ ಖರ್ಚು ನಿಲ್ಲುವುದಿಲ್ಲ.

ಈ ಮಾತು ಇಂದಿಗೂ ಸುಳ್ಳಾಗಿಲ್ಲ. ಬೀದರ್, ಭಾಲ್ಕಿ ಭಾಗದಲ್ಲಿ ಕಬ್ಬು ನುರಿಸುವ ಹಂಗಾಮಿನಲ್ಲಿ ಕಾರ್ಖಾನೆಯ ಮುಂದೆ ಸಾಲುಗಟ್ಟಿ ನಿಂತ ಬಂಡಿಯಲ್ಲಿ ಕಬ್ಬು ಒಣಗಿ ತೂಕ ಕಳೆದುಕೊಳ್ಳುತ್ತದೆ. ಔರಾದಿನಿಂದ ತೊಗರಿ ಹೇರಿಕೊಂಡು ಬಂದ ಲಾರಿ ಕಾಯ್ದಷ್ಟೂ ಬಾಡಿಗೆ ಏರುತ್ತದೆ.

ಇಂಥ ಸಾಲು ಬೆಳೆಯುವುದೇಕೆ? ಹತ್ತು ನಿಮಿಷಕ್ಕೊಂದು ಲಾರಿ ಬರುತ್ತದೆ, ಸರಕು ಇಳಿಸಲು ಒಂಬತ್ತು ನಿಮಿಷ ಸಾಕು ಎಂದುಕೊಳ್ಳೋಣ. ಮೇಲುನೋಟಕ್ಕೆ ಯಾರೂ ಕಾಯಬೇಕಿಲ್ಲ. ಆದರೆ ಇವೆರಡೂ ಸರಾಸರಿ ಮಾತ್ರ. ಲಾರಿಗಳು ಬರುವ ಹೊತ್ತಿಗೂ ಇಳಿಸುವ ವೇಳೆಗೂ ಕ್ರಮವಿಲ್ಲದಿದ್ದರೆ, ಗಣಿತದ ಪ್ರಕಾರ ಪ್ರತಿ ಲಾರಿ ಸರಾಸರಿ 81 ನಿಮಿಷ ಕಾಯಬೇಕು! ಇಳಿಸುವ ವೇಳೆಯಲ್ಲಿ ಒಂದೇ ಒಂದು ನಿಮಿಷ ಉಳಿಸಿದರೆ ಕಾಯುವ ಕಾಲ 32 ನಿಮಿಷಕ್ಕೆ ಇಳಿಯುತ್ತದೆ. ಈ ಶಾಸ್ತ್ರಕ್ಕೆ ಬುನಾದಿ ಹಾಕಿದವನು ಕೋಪನ್‌ಹೇಗನ್‌ನ ಟೆಲಿಫೋನ್ ಕಂಪೆನಿಯ ಗಣಿತಜ್ಞ ಎರ್ಲಾಂಗ್. ಅವನ ಮೊದಲ ಲೇಖನ ಪ್ರಕಟವಾದದ್ದು 1909ರಲ್ಲಿ.

ಹಲವು ಕ್ರೇನು, ತೂಕದ ಕಟ್ಟೆ, ಗೋದಾಮುಗಳಿರುವ ಬಂದರಿಗೆ ಬರಿಯ ಸೂತ್ರ ಸಾಲದು. ಅಲ್ಲಿ ಕಂಪ್ಯೂಟರ್ ನೆರವಿಗೆ ಬರುತ್ತದೆ. 1960ರ ದಶಕದಲ್ಲಿ ನಾರ್ವೆಯ ಡಾಲ್ ಮತ್ತು ನ್ಯೂಗೋರ್ ರೂಪಿಸಿದ ಸಿಮುಲಾ ಭಾಷೆಯಲ್ಲಿ ಪ್ರತಿ ಲಾರಿಯ ದಿನಚರಿಯನ್ನೂ ಬರೆಯಬಹುದು: ಬಾ, ಸರದಿ ಹಿಡಿ, ಕಟ್ಟೆ ಖಾಲಿಯಿಲ್ಲದಿದ್ದರೆ ಕಾಯಿ, ಇಳಿಸು, ಹೊರಡು. ಕಂಪ್ಯೂಟರಿನ ಗಡಿಯಾರ ಒಂದು ಘಟನೆಯಿಂದ ಮುಂದಿನ ಘಟನೆಗೆ ನೆಗೆಯುವುದರಿಂದ ತಿಂಗಳ ವಹಿವಾಟು ಸ್ವಲ್ಪ ಹೊತ್ತಿನಲ್ಲೇ ಮುಗಿಯುತ್ತದೆ. ಇನ್ನೊಂದು ಕ್ರೇನು ಬೇಕೇ, ಇನ್ನೊಂದು ಗೇಟು ಸಾಕೇ ಎಂಬುದನ್ನು ಹಣ ಸುರಿಯುವ ಮೊದಲೇ ಪರೀಕ್ಷಿಸಬಹುದು.

ಆದರೆ ಯಂತ್ರ ಲೆಕ್ಕ ಹಾಕುವುದು ಕೇಳಿದ್ದನ್ನು ಮಾತ್ರ. ಕ್ರೇನು ಸುಮ್ಮನಿದ್ದ ನಿಮಿಷಗಳನ್ನಷ್ಟೇ ನಷ್ಟವೆಂದು ಬರೆದರೆ, ಸರದಿ ಉದ್ದವಾದಷ್ಟೂ ಲಾಭವೆಂದೇ ಅದು ಹೇಳೀತು. ಗೇಟಿನ ಹೊರಗೆ ನಿಂತ ರೈತನ ರಾತ್ರಿಯೂ ಆ ಲೆಕ್ಕದಲ್ಲಿ ಸೇರಬೇಕು. ನಿಕಿತಿನ್ ತನ್ನ ಮೇವಿನ ಖರ್ಚನ್ನು ತಾನೇ ಬರೆದಿಟ್ಟ. ಅದು ಐದು ಶತಮಾನ ಉಳಿಯಿತು.