ಕಾಕಟೀಲ್ ಮರಿಗಳ ಕೈಪಾಲನೆ

ಕಾಕಟೀಲ್ ಮರಿಗಳ ಕೈಪಾಲನೆ ಎಂದರೆ ತಂದೆ-ತಾಯಿ ಪಕ್ಷಿಗಳ ಬದಲು ಮನುಷ್ಯರೇ ಮರಿಗಳಿಗೆ ಗುಟುಕು ನೀಡಿ, ಬೆಚ್ಚಗಿರಿಸಿ, ಅವು ಸ್ವಂತವಾಗಿ ತಿನ್ನುವವರೆಗೆ ಬೆಳೆಸುವ ಕ್ರಮ. ಮನೆಯ ಪಕ್ಷಿಶಾಲೆಗಳಲ್ಲಿ ಇದನ್ನು ಎರಡು ಉದ್ದೇಶಗಳಿಗೆ ಅನುಸರಿಸಲಾಗುತ್ತದೆ. ಒಂದು, ಪೋಷಕ ಪಕ್ಷಿಗಳು ತೊರೆದ ಅಥವಾ ಸಾಕಷ್ಟು ಗುಟುಕು ಸಿಗದ ಮರಿಗಳನ್ನು ಉಳಿಸುವುದು. ಇನ್ನೊಂದು, ಮನುಷ್ಯರಿಗೆ ಪಳಗಿದ ಪಕ್ಷಿಯನ್ನು ಪಡೆಯುವುದು. ಮೊದಲನೆಯದಕ್ಕೆ ಕೈಪಾಲನೆ ಅನಿವಾರ್ಯವಾಗಬಹುದು. ಎರಡನೆಯದಕ್ಕೆ ಬೇರೆ ಮಾರ್ಗಗಳೂ ಇವೆ.

ಪಕ್ಷಿಯ ಪರಿಚಯ

ಕಾಕಟೀಲ್ ಆಸ್ಟ್ರೇಲಿಯಾ ಮೂಲದ, ತಲೆಯ ಮೇಲೆ ಜುಟ್ಟುಳ್ಳ ಪಕ್ಷಿ. ಇದರ ವೈಜ್ಞಾನಿಕ ಹೆಸರು ನಿಂಫಿಕಸ್ ಹೊಲಾಂಡಿಕಸ್. ಇದು ಕಾಕಟೂಗಳ ಕುಟುಂಬಕ್ಕೆ ಸೇರಿದೆ. ವಯಸ್ಕ ಪಕ್ಷಿ ಸಾಮಾನ್ಯವಾಗಿ 80ರಿಂದ 100 ಗ್ರಾಂ ತೂಗುತ್ತದೆ. ಮೂಲ ಬೂದು ಬಣ್ಣದ ತಳಿಯಲ್ಲಿ ಗಂಡಿನ ಮುಖ ಹಳದಿಯಾಗಿದ್ದು, ಹೆಣ್ಣಿನ ಬಾಲದ ಕೆಳಭಾಗದಲ್ಲಿ ಅಡ್ಡಪಟ್ಟೆಗಳಿರುತ್ತವೆ.

ಗೂಡು ಮತ್ತು ಸಂತಾನ

ಕಾಡಿನಲ್ಲಿ ಕಾಕಟೀಲ್‌ಗಳು ಮರದ ಪೊಟರೆಗಳಲ್ಲಿ ಮೊಟ್ಟೆಯಿಡುತ್ತವೆ. ಪಕ್ಷಿಶಾಲೆಯಲ್ಲಿ ಇದಕ್ಕೆ ಬದಲಾಗಿ, ಪ್ರತಿ ಬದಿಗೆ ಸುಮಾರು 30 ಸೆಂ.ಮೀ. ಇರುವ ಮರದ ಪೆಟ್ಟಿಗೆಯನ್ನು ಕಟ್ಟಲಾಗುತ್ತದೆ. ಹೆಣ್ಣು ದಿನ ಬಿಟ್ಟು ದಿನದಂತೆ 4ರಿಂದ 7 ಮೊಟ್ಟೆಗಳನ್ನಿಡುತ್ತದೆ. ಕಾವು ಕೂರುವ ಕೆಲಸವನ್ನು ಗಂಡು-ಹೆಣ್ಣುಗಳೆರಡೂ ಹಂಚಿಕೊಳ್ಳುತ್ತವೆ. ಸಾಮಾನ್ಯವಾಗಿ ಹಗಲಿನಲ್ಲಿ ಗಂಡು, ರಾತ್ರಿ ಹೆಣ್ಣು. 18ರಿಂದ 21 ದಿನಗಳಲ್ಲಿ ಮರಿಗಳು ಹೊರಬರುತ್ತವೆ. ಹುಟ್ಟಿದಾಗ ಅವುಗಳ ಕಣ್ಣು ಮುಚ್ಚಿದ್ದು, ಮೈಮೇಲೆ ಹಳದಿ ತುಪ್ಪುಳು ಮಾತ್ರ ಇರುತ್ತದೆ. ಮೊಟ್ಟೆಗಳು ಒಂದೇ ದಿನ ಒಡೆಯದ ಕಾರಣ ಕೊನೆಯ ಮರಿ ಚಿಕ್ಕದಾಗಿ ಉಳಿದು, ಗುಟುಕಿನ ಪೈಪೋಟಿಯಲ್ಲಿ ಹಿಂದೆ ಬೀಳುವುದುಂಟು. ಇಂತಹ ಮರಿಗೆ ಗೂಡಿನಲ್ಲಿಯೇ ದಿನಕ್ಕೆ ಒಂದೆರಡು ಬಾರಿ ಹೆಚ್ಚುವರಿ ಗುಟುಕು ನೀಡಿದರೆ ಸಾಕಾಗಬಹುದು.

ಬೇರ್ಪಡಿಸುವ ಸಮಯ ಮತ್ತು ಶಾಖ

ಪಳಗಿಸುವ ಉದ್ದೇಶವಿದ್ದಾಗ ಮರಿಗಳನ್ನು ಸಾಮಾನ್ಯವಾಗಿ ಎರಡರಿಂದ ಮೂರು ವಾರಗಳ ವಯಸ್ಸಿನಲ್ಲಿ ಗೂಡಿನಿಂದ ತೆಗೆಯಲಾಗುತ್ತದೆ. ಆ ವೇಳೆಗೆ ಕಣ್ಣು ತೆರೆದು, ಗರಿಗಳು ಮೂಡತೊಡಗಿರುತ್ತವೆ. ಗರಿಯಿಲ್ಲದ ಮರಿ ತನ್ನ ದೇಹದ ಶಾಖವನ್ನು ತಾನೇ ಕಾಯ್ದುಕೊಳ್ಳಲಾರದು. ಆದ್ದರಿಂದ ಆಗತಾನೆ ಹುಟ್ಟಿದ ಮರಿಗೆ ಸುಮಾರು 35-36 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಪೆಟ್ಟಿಗೆ ಬೇಕಾಗುತ್ತದೆ; ಗರಿ ಬೆಳೆದಂತೆ ಇದನ್ನು ಕ್ರಮೇಣ ಇಳಿಸಲಾಗುತ್ತದೆ. ಚಳಿಯಾದ ಮರಿಯಲ್ಲಿ ಜೀರ್ಣಕ್ರಿಯೆ ನಿಧಾನಗೊಳ್ಳುತ್ತದೆ. ಸೆಖೆಯಾದ ಮರಿ ಕೊಕ್ಕು ತೆರೆದು ಏದುಸಿರು ಬಿಡುತ್ತದೆ.

ಗುಟುಕು ನೀಡುವ ವಿಧಾನ

ಗಿಣಿ ಜಾತಿಯ ಮರಿಗಳಿಗಾಗಿಯೇ ತಯಾರಾದ ಪುಡಿಯನ್ನು ಬಿಸಿನೀರಿನಲ್ಲಿ ಕಲಸಿ, ಸಿರಿಂಜ್ ಅಥವಾ ಅಂಚು ಬಾಗಿಸಿದ ಚಮಚದಿಂದ ನೀಡಲಾಗುತ್ತದೆ. ಬೆಳೆಯುವ ಕಾಕಟೀಲ್ ಮರಿಯ ಒಣ ಆಹಾರದಲ್ಲಿ ಸುಮಾರು ಶೇ. 20ರಷ್ಟು ಪ್ರೋಟೀನ್ ಇರುವುದು ಬೆಳವಣಿಗೆಗೆ ಅನುಕೂಲವೆಂದು 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಡೆದ ಪ್ರಯೋಗಗಳು ತೋರಿಸಿದವು. ಹಸುವಿನ ಹಾಲು ಮರಿಗಳಿಗೆ ತಕ್ಕ ಆಹಾರವಲ್ಲ. ಹಾಲಿನಲ್ಲಿರುವ ಲ್ಯಾಕ್ಟೋಸನ್ನು ಪಕ್ಷಿಗಳು ಸರಿಯಾಗಿ ಜೀರ್ಣಿಸಿಕೊಳ್ಳಲಾರವು.

ಆಹಾರದ ಉಷ್ಣತೆ 38ರಿಂದ 41 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕಾಗುತ್ತದೆ. ಕೈಗೆ ತಾಗಿದಾಗ ಹಿತವೆನಿಸುವ ಬಿಸಿ ನಂಬಲರ್ಹ ಅಳತೆಯಲ್ಲವಾದ ಕಾರಣ ಥರ್ಮಾಮೀಟರ್ ಬಳಸಲಾಗುತ್ತದೆ. ಪಕ್ಷಿಯ ಅನ್ನನಾಳವು ಕುತ್ತಿಗೆಯ ಬಲಭಾಗದಲ್ಲಿ ಸಾಗುವುದರಿಂದ, ಸಿರಿಂಜನ್ನು ಕೊಕ್ಕಿನ ಎಡಗಡೆಯಿಂದ ಬಲಕ್ಕೆ ಓರೆಯಾಗಿ ಹಿಡಿಯುವುದು ರೂಢಿ. ಮರಿ ತಲೆಯನ್ನು ಮೇಲೆ-ಕೆಳಗೆ ಆಡಿಸುತ್ತಾ ನುಂಗುವಾಗ ಮಾತ್ರ ಆಹಾರ ಬಿಡಲಾಗುತ್ತದೆ.

ನುಂಗಿದ ಆಹಾರ ಕತ್ತಿನ ಬುಡದಲ್ಲಿರುವ ಆಹಾರಚೀಲದಲ್ಲಿ ಮೊದಲು ಶೇಖರವಾಗುತ್ತದೆ. ಒಂದು ಬಾರಿಗೆ ನೀಡುವ ಪ್ರಮಾಣ ಮರಿಯ ತೂಕದ ಸುಮಾರು ಶೇ. 10, ಅಂದರೆ 60 ಗ್ರಾಂ ತೂಗುವ ಮರಿಗೆ ಸುಮಾರು 6 ಮಿ.ಲೀ. ಆಗತಾನೆ ಹುಟ್ಟಿದ ಮರಿಗೆ ಎರಡು ಗಂಟೆಗೊಮ್ಮೆ, ಮೂರು ವಾರದ ಮರಿಗೆ ನಾಲ್ಕೈದು ಗಂಟೆಗೊಮ್ಮೆ ಗುಟುಕು ಬೇಕಾಗುತ್ತದೆ. ಪ್ರತಿದಿನ ಬೆಳಗ್ಗೆ, ಮೊದಲ ಗುಟುಕಿಗೆ ಮುನ್ನ ತೂಕ ನೋಡುವುದರಿಂದ ಬೆಳವಣಿಗೆಯ ಏರಿಳಿತ ಬೇಗ ತಿಳಿಯುತ್ತದೆ.

ಅಪಾಯಗಳು

* ಶ್ವಾಸನಾಳಕ್ಕೆ ಆಹಾರ ಸೇರುವುದು: ಅವಸರದಿಂದ ಸಿರಿಂಜ್ ಒತ್ತಿದಾಗ ಹೀಗಾಗುತ್ತದೆ. ಮರಿ ತಕ್ಷಣ ಸಾಯಬಹುದು ಅಥವಾ ನ್ಯುಮೋನಿಯಾಕ್ಕೆ ತುತ್ತಾಗಬಹುದು.
* ಆಹಾರಚೀಲದ ಸುಟ್ಟಗಾಯ: ಅತಿಬಿಸಿ ಆಹಾರದಿಂದ ಉಂಟಾಗುತ್ತದೆ. ಗಾಯ ಹಲವು ದಿನಗಳ ನಂತರವಷ್ಟೇ ಕಾಣಿಸಿಕೊಳ್ಳಬಹುದು. ತೀವ್ರವಾದಾಗ ಚರ್ಮ ತೂತಾಗಿ ಆಹಾರ ಹೊರಗೆ ಸೋರುತ್ತದೆ.
* ಆಹಾರಚೀಲ ಖಾಲಿಯಾಗದಿರುವುದು: ತಣ್ಣನೆಯ ಆಹಾರ, ಚಳಿ ಅಥವಾ ಸೋಂಕು ಇದಕ್ಕೆ ಕಾರಣ. ಉಳಿದ ಆಹಾರ ಹುಳಿತು ಶಿಲೀಂಧ್ರ ಬೆಳೆಯುತ್ತದೆ. ಹಳೆಯ ಆಹಾರದ ಮೇಲೆ ಹೊಸದನ್ನು ತುಂಬಿದರೆ ಸ್ಥಿತಿ ಇನ್ನಷ್ಟು ಕೆಡುತ್ತದೆ.
* ಸಿಟಕೋಸಿಸ್: ಕ್ಲಮೈಡಿಯಾ ಸಿಟಸಿ ಎಂಬ ಬ್ಯಾಕ್ಟೀರಿಯಾದಿಂದ ಬರುವ ಈ ರೋಗ ಪಕ್ಷಿಗಳಿಂದ ಮನುಷ್ಯರಿಗೂ ಹರಡುತ್ತದೆ. ಒಣಗಿದ ಹಿಕ್ಕೆಯ ಧೂಳು ಇದರ ಮುಖ್ಯ ವಾಹಕ.

ಅಡುಗೆಮನೆಗೆ ಹತ್ತಿರವಿರುವ ಪಂಜರಗಳಿಗೆ ಮತ್ತೊಂದು ಅಪಾಯವಿದೆ. ನಾನ್‌ಸ್ಟಿಕ್ ಪಾತ್ರೆ ಅತಿಯಾಗಿ ಕಾದಾಗ ಹೊರಡುವ ಹೊಗೆ ಪಕ್ಷಿಗಳನ್ನು ನಿಮಿಷಗಳಲ್ಲಿ ಕೊಲ್ಲಬಲ್ಲದು.

ಸ್ವಂತವಾಗಿ ತಿನ್ನುವ ಹಂತ

ನಾಲ್ಕೈದು ವಾರಗಳಲ್ಲಿ ಮರಿ ಹಾರಲು ಆರಂಭಿಸುತ್ತದೆ. ಆದರೆ ಅದು ಇನ್ನೂ ಗುಟುಕನ್ನೇ ಅವಲಂಬಿಸಿರುತ್ತದೆ. ಈ ಹಂತದಲ್ಲಿ ನವಣೆ ತೆನೆ, ಸಣ್ಣಗೆ ಹೆಚ್ಚಿದ ಸೊಪ್ಪು ಮತ್ತು ತಟ್ಟೆಯಲ್ಲಿ ನೀರನ್ನು ಇಡಲಾಗುತ್ತದೆ. ಬಹುತೇಕ ಮರಿಗಳು 7ರಿಂದ 10 ವಾರಗಳಲ್ಲಿ ಗುಟುಕನ್ನು ತಾವಾಗಿಯೇ ಬಿಡುತ್ತವೆ. ಕಾಳನ್ನು ಕೆದಕುವುದಕ್ಕೂ ಸಿಪ್ಪೆ ಸುಲಿದು ನುಂಗುವುದಕ್ಕೂ ವ್ಯತ್ಯಾಸವಿದೆ. ಅದನ್ನು ಗಮನಿಸದೆ ಗುಟುಕು ನಿಲ್ಲಿಸಿದರೆ, ತಟ್ಟೆಯ ತುಂಬ ಕಾಳಿದ್ದರೂ ಮರಿ ಹಸಿವಿನಿಂದ ಸಾಯಬಹುದು. ಇನ್ನೂ ಗುಟುಕು ಬಿಡದ ಮರಿಗಳನ್ನು ಅನುಭವವಿಲ್ಲದವರಿಗೆ ಮಾರುವುದನ್ನು ಪಕ್ಷಿವೈದ್ಯರು ವಿರೋಧಿಸುವುದಕ್ಕೆ ಇದೇ ಮುಖ್ಯ ಕಾರಣ.

ವರ್ತನೆಯ ಮೇಲಿನ ಪರಿಣಾಮ

ಕೈಪಾಲನೆಯ ಪಕ್ಷಿಗಳು ಮನುಷ್ಯರಿಗೆ ಹೆದರುವುದಿಲ್ಲ. ಆದರೆ ಒಂಟಿಯಾಗಿ ಬೆಳೆದ ಮರಿ ತನ್ನ ಜಾತಿಯ ಪಕ್ಷಿಗಳೊಡನೆ ಹೊಂದಿಕೊಳ್ಳಲು ಕಷ್ಟಪಡಬಹುದು. ಹೀಗೆ ಬೆಳೆದ ಹೆಣ್ಣು ಕಾಕಟೀಲ್‌ಗಳು ಗೂಡಿನ ಹೊರಗೆ ಮೊಟ್ಟೆಯಿಡುವುದು ಮತ್ತು ಗಂಡುಗಳು ಗೂಡುಪೆಟ್ಟಿಗೆಯಲ್ಲಿ ಕಡಿಮೆ ಆಸಕ್ತಿ ತೋರುವುದು ಅಧ್ಯಯನಗಳಲ್ಲಿ ಕಂಡುಬಂದಿದೆ. ಆದ್ದರಿಂದ ಒಡಹುಟ್ಟಿದ ಮರಿಗಳನ್ನು ಒಟ್ಟಿಗೆ ಬೆಳೆಸುವುದು ಒಳಿತು.

ಮರಿಗಳನ್ನು ತಂದೆ-ತಾಯಿಯ ಬಳಿಯೇ ಬಿಟ್ಟು, ದಿನವೂ ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದು ಗೂಡಿಗೆ ಮರಳಿಸುವುದು ಪರ್ಯಾಯ ಕ್ರಮ. ಇದರಿಂದಲೂ ಮರಿಗಳು ಪಳಗುತ್ತವೆ. ಗುಟುಕಿನ ಅಪಾಯಗಳೂ ತಪ್ಪುತ್ತವೆ.

ಕಾನೂನು

ಗಿಣಿ ಗಣದ ಬಹುತೇಕ ಎಲ್ಲ ಪ್ರಭೇದಗಳು ಸೈಟಿಸ್ ಒಪ್ಪಂದದ ಅನುಬಂಧಗಳಲ್ಲಿವೆ. ಕಾಕಟೀಲ್ ಈ ಪಟ್ಟಿಯಿಂದ ಹೊರತಾದ ಕೆಲವೇ ಪಕ್ಷಿಗಳಲ್ಲಿ ಒಂದು. ಭಾರತದ ಕಾಡುಗಿಣಿಗಳ ವಿಷಯ ಬೇರೆ. ಕರ್ನಾಟಕದ ಊರು-ತೋಟಗಳಲ್ಲಿ ಸಾಮಾನ್ಯವಾಗಿ ಕಾಣುವ ಕೆಂಪು ಕೊರಳಪಟ್ಟಿಯ ಗಿಣಿ ಸೇರಿದಂತೆ ದೇಶೀಯ ಗಿಣಿಗಳನ್ನು ಹಿಡಿಯುವುದು, ಮಾರುವುದು ಮತ್ತು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಗೂಡಿನಿಂದ ಬಿದ್ದ ಇಂತಹ ಮರಿ ಸಿಕ್ಕಲ್ಲಿ ಅದನ್ನು ಮನೆಯಲ್ಲಿ ಸಾಕದೆ ಅರಣ್ಯ ಇಲಾಖೆಗೆ ಅಥವಾ ಮಾನ್ಯತೆಯುಳ್ಳ ವನ್ಯಜೀವಿ ಪುನರ್ವಸತಿ ಕೇಂದ್ರಕ್ಕೆ ಒಪ್ಪಿಸಬೇಕಾಗುತ್ತದೆ.