ಲಾರಿಯ ಫ್ಯಾನು: ನಿರಂತರ ಭ್ರಮಣದಿಂದ ವಿದ್ಯುತ್ ಕ್ಲಚ್ಚಿನವರೆಗೆ

ವಿಜಯದಶಮಿಯ ರಾತ್ರಿ ಪಂಜಿನ ಕವಾಯತು ನಡೆಯುವ ಬನ್ನಿಮಂಟಪವನ್ನು ಮೈಸೂರಿಗರೆಲ್ಲರೂ ಬಲ್ಲರು. ಆದರೆ ಅದೇ ಬನ್ನಿಮಂಟಪದ ಆಸುಪಾಸಿನಲ್ಲಿ, ವರ್ಷದ ಉಳಿದ ದಿನಗಳಲ್ಲೆಲ್ಲ, ಮುಂಭಾಗದ ಜಾಲರಿಯನ್ನು ಕಳಚಿ ನಿಲ್ಲಿಸಿದ ಲಾರಿಗಳ ಎಂಜಿನ್ನಿನೊಳಕ್ಕೆ ಅರ್ಧ ದೇಹವನ್ನು ಬಾಗಿಸಿ ದುಡಿಯುವ ಕುಶಲರ ವಿದ್ಯೆಯನ್ನು ಕುರಿತು ಬರೆದವರು ವಿರಳ. ಆ ವಿದ್ಯೆಯ ಒಂದು ಕಿರಿದಾದ ಶಾಖೆ, ಎಂದರೆ ಡೀಸೆಲ್ ಎಂಜಿನ್ನನ್ನು ತಣಿಸುವ ಫ್ಯಾನು ಮತ್ತು ಅದನ್ನು ಬೇಕಾದಾಗ ಹಿಡಿದು ಬೇಡವಾದಾಗ ಬಿಡುವ ಕ್ಲಚ್ಚು, ಈ ಲೇಖನದ ವಸ್ತು. ಗಾಳಿ ಬೀಸುವುದನ್ನು ಮೋಟಾರು ವಾಹನವು ತನ್ನ ಬಾಲ್ಯದಲ್ಲಿಯೇ ಕಲಿತುಕೊಂಡಿತು. ಬೀಸದೆ ಸುಮ್ಮನಿರುವುದನ್ನು ಚೆನ್ನಾಗಿ ಕಲಿಯುವುದಕ್ಕೆ ಅದಕ್ಕೆ ಮುಕ್ಕಾಲು ಶತಮಾನವೇ ಹಿಡಿಯಿತೆಂಬುದು ನನ್ನ ಅಭಿಪ್ರಾಯ.

ಎಂಜಿನ್ನಿನೊಳಗೆ ಉರಿದ ಇಂಧನದ ಶಕ್ತಿಯಲ್ಲಿ ಸ್ಥೂಲವಾಗಿ ಮೂರನೆಯ ಒಂದು ಪಾಲು, ಒಳ್ಳೆಯ ಡೀಸೆಲ್ ಎಂಜಿನ್ನಾದರೆ ನೂರರಲ್ಲಿ ನಲವತ್ತು ಪಾಲು, ಚಕ್ರವನ್ನು ತಿರುಗಿಸುವುದಕ್ಕೆ ಒದಗುತ್ತದೆ. ಮಿಕ್ಕುದರಲ್ಲಿ ಬಹುಭಾಗ ಹೊಗೆಯ ಕೊಳವೆಯಿಂದಲೂ ತಣಿಸುವ ನೀರಿನಿಂದಲೂ ಉಷ್ಣವಾಗಿ ಹೊರಬೀಳಬೇಕು. ಪ್ರಾರಂಭದ ಕಾಲದಲ್ಲಿ ಈ ನೀರನ್ನು ಹರಿಸುವುದಕ್ಕೆ ಪಂಪು ಸಹ ಅನಿವಾರ್ಯವೆನಿಸಿರಲಿಲ್ಲ; ಫೋರ್ಡ್ ಸಂಸ್ಥೆಯ ಮಾಡೆಲ್ ಟಿ ಕಾರುಗಳ ಬಹುಪಾಲಿನಲ್ಲಿ, ಕಾದ ನೀರು ತಾನಾಗಿ ಮೇಲೇರುವ, ತಣಿದ ನೀರು ತಾನಾಗಿ ಕೆಳಗಿಳಿಯುವ ನಿಸರ್ಗನಿಯಮವೊಂದೇ ಆ ಕಾರ್ಯವನ್ನು ನಿರ್ವಹಿಸುತ್ತಿತ್ತು. ಎಂಜಿನ್ನಿನ ಬಲ ಹೆಚ್ಚಿದಂತೆ ಪಂಪು ಬಂದಿತು. ಪಂಪಿನ ದಂಡಕ್ಕೇ ಫ್ಯಾನನ್ನು ಬಿಗಿದು ಬೆಲ್ಟಿನಿಂದ ತಿರುಗಿಸುವ ಪದ್ಧತಿಯು ರೂಢವಾಯಿತು. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆಯು 120 ಬಸ್ಸುಗಳೊಡನೆ ಕಾರ್ಯಾರಂಭ ಮಾಡಿದ ಕಾಲಕ್ಕೂ, ಕೆಲವೇ ವರ್ಷಗಳ ತರುವಾಯ ಟಾಟಾ ಮರ್ಸಿಡಿಸ್ ಬೆಂಜ್ ಮತ್ತು ಲೇಲ್ಯಾಂಡ್ ಲಾರಿಗಳು ನಮ್ಮ ರಸ್ತೆಗಳಿಗೆ ಇಳಿದ ಕಾಲಕ್ಕೂ ಇದೇ ವ್ಯವಸ್ಥೆ. ಎಂಜಿನ್ ತಿರುಗಿದರೆ ಫ್ಯಾನು ತಿರುಗಿತು. ಎಂಜಿನ್ ನಿಂತರೆ ನಿಂತಿತು.

ಇಂಥ ಫ್ಯಾನಿನ ದೋಷವು ಅದರ ದುಂದುಗಾರಿಕೆ. ಫ್ಯಾನಿನ ವೇಗ ಇಮ್ಮಡಿಯಾದರೆ ಅದು ನುಂಗುವ ಶಕ್ತಿ ಎಂಟು ಮಡಿಯಾಗುತ್ತದೆ; ಸಾವಿರ ಸುತ್ತಿಗೆ ಮೂರು ಅಶ್ವಶಕ್ತಿಯನ್ನು ಬೇಡುವ ಫ್ಯಾನು ಎರಡು ಸಾವಿರ ಸುತ್ತಿಗೆ ಇಪ್ಪತ್ತನಾಲ್ಕನ್ನು ಬೇಡುತ್ತದೆ. ಆದರೆ ಗಾಳಿಯ ಅಗತ್ಯವು ಈ ಲೆಕ್ಕವನ್ನು ಅನುಸರಿಸುವುದಿಲ್ಲ. ಬೆಂಗಳೂರಿನ ಹೆದ್ದಾರಿಯಲ್ಲಿ ಲಾರಿ ವೇಗವಾಗಿ ಸಾಗುವಾಗ ಎದುರುಗಾಳಿಯೇ ರೇಡಿಯೇಟರನ್ನು ತಣಿಸುವುದಷ್ಟೆ. ಫ್ಯಾನು ಪೂರ್ಣವೇಗದಿಂದ ತಿರುಗಿ ಡೀಸೆಲನ್ನು ವ್ಯರ್ಥಗೊಳಿಸುವುದೂ ಆಗಲೇ. ಅದೇ ಲಾರಿ ತುಂಬಿದ ಸರಕಿನೊಡನೆ ಬಣ್ಣಾರಿಯಿಂದ ದಿಂಬಂ ಘಟ್ಟದ 27 ತಿರುವುಗಳನ್ನು ಆಮೆಯ ನಡಿಗೆಯಲ್ಲಿ ಹತ್ತಿ ಚಾಮರಾಜನಗರದ ಕಡೆಗೆ ಬರುವಾಗ ಎದುರುಗಾಳಿಯೆಂಬುದೇ ಇರುವುದಿಲ್ಲ. ಫ್ಯಾನೊಂದೇ ಆಗ ಎಂಜಿನ್ನಿನ ಪ್ರಾಣರಕ್ಷಕ.

ಇದರೊಡನೆ ನಮ್ಮ ಸೀಮೆಯ ಎತ್ತರವೂ ಗಣನೆಗೆ ಬರಬೇಕಾದ ವಿಷಯ. ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಮೇಲಿರುವ ಮೈಸೂರಿನಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಯನ್ನು ತುಸು ದಾಟುವಷ್ಟರಲ್ಲಿ ಕುದಿಯುತ್ತದೆ; ಬಂಡೀಪುರ, ಗೂಡಲೂರುಗಳನ್ನು ಹಾದು 2,240 ಮೀಟರ್ ಎತ್ತರದ ಉದಕಮಂಡಲವನ್ನು ಮುಟ್ಟಿದರೆ 92-93 ಡಿಗ್ರಿಗೇ ಕುದಿ ಬರುತ್ತದೆ. ಬಿಗಿಯಾದ ಮುಚ್ಚಳದಿಂದ ನೀರನ್ನು ಒತ್ತಡದಲ್ಲಿಟ್ಟು ಈ ಕುದಿಬಿಂದುವನ್ನು ಮೇಲೆತ್ತುವ ಉಪಾಯವುಂಟು. ಆದರೆ ಮುಚ್ಚಳದ ರಬ್ಬರು ಸವೆದ ಲಾರಿಗೆ ಆ ರಕ್ಷಣೆಯೂ ಇಲ್ಲ. ಹಳೆಯ ಚಾಲಕರು ನೀರಿನ ಡಬ್ಬವಿಲ್ಲದೆ ಘಟ್ಟ ಹತ್ತುತ್ತಿರಲಿಲ್ಲ. ಒದ್ದೆ ಗೋಣಿಚೀಲವನ್ನು ರೇಡಿಯೇಟರಿಗೆ ಹೊದಿಸುವುದೂ, 'ಹೀಟ್' ಆಗುತ್ತದೆಂದು, ನೀರು ಕಾದ ಮೇಲಷ್ಟೇ ಅದನ್ನು ರೇಡಿಯೇಟರಿಗೆ ಬಿಡುವ ಥರ್ಮೋಸ್ಟಾಟನ್ನೇ ಕಿತ್ತು ಬಿಸಾಡುವುದೂ ವಾಡಿಕೆಯಾಗಿತ್ತು. ಈ ಕೊನೆಯ ಉಪಾಯ ಸಲ್ಲದು. ಥರ್ಮೋಸ್ಟಾಟ್ ಇಲ್ಲದ ಎಂಜಿನ್ ಬಯಲಿನಲ್ಲಿ ಎಂದಿಗೂ ತನ್ನ ಕಾವನ್ನು ತಲುಪದೆ, ಅರೆಯುರಿದ ಡೀಸೆಲು ಆಯಿಲಿನೊಳಕ್ಕೆ ಇಳಿದು, ಬೇರೊಂದು ಬಗೆಯಿಂದ ಸವೆಯುತ್ತದೆ.

ಫ್ಯಾನಿಗೂ ಎಂಜಿನ್ನಿಗೂ ನಡುವೆ ಒಂದು ಕ್ಲಚ್ಚನ್ನಿಡುವ ಆಲೋಚನೆಯಲ್ಲಿ ಮೊದಲು ವ್ಯಾಪಕವಾಗಿ ಜಯ ಪಡೆದದ್ದು ಸ್ನಿಗ್ಧದ್ರವದ ಕ್ಲಚ್ಚು. ನಮ್ಮ ಶೆಡ್ಡುಗಳಲ್ಲಿ ಇದನ್ನು 'ವಿಸ್ಕಸ್ ಫ್ಯಾನು' ಎನ್ನುತ್ತಾರೆ. ಅಡಕಲಾದ ತೋಡುಗಳುಳ್ಳ ಎರಡು ಫಲಕಗಳ ನಡುವೆ ಗಟ್ಟಿಯಾದ ಸಿಲಿಕೋನ್ ಎಣ್ಣೆ ಹರಿದುಬಂದರೆ ಒಂದು ಇನ್ನೊಂದನ್ನು ಎಳೆದುಕೊಂಡು ತಿರುಗುತ್ತದೆ. ಎಣ್ಣೆ ಹಿಂದೆ ಸರಿದರೆ ಸಡಿಲವಾಗುತ್ತದೆ. ಎಣ್ಣೆಗೆ ದಾರಿ ಬಿಡುವ ಕವಾಟವನ್ನು ಅಲುಗಿಸುವುದು, ರೇಡಿಯೇಟರನ್ನು ಹಾದುಬಂದ ಗಾಳಿಯ ಬಿಸಿಗೆ ಬಾಗುವ ದ್ವಿಲೋಹದ ಒಂದು ಸುರುಳಿ. ತಂತಿಯಿಲ್ಲ, ಸ್ವಿಚ್ಚಿಲ್ಲ, ಈ ಸರಳತೆಯನ್ನು ನಾನು ಇಂದಿಗೂ ಗೌರವಿಸುತ್ತೇನೆ. ಆದರೆ ಅದರ ಮಿತಿಗಳೂ ಸ್ಪಷ್ಟ. ಅದು ಅಳೆಯುವುದು ಗಾಳಿಯ ಕಾವನ್ನೇ ಹೊರತು ನೀರಿನ ಕಾವನ್ನಲ್ಲವಾದುದರಿಂದ, ಅಪಾಯ ತಲೆದೋರಿದ ತುಸು ಹೊತ್ತಿನ ಮೇಲೆ ಎಚ್ಚರಗೊಳ್ಳುತ್ತದೆ. ಪೂರ್ಣವಾಗಿ ಎಂದೂ ಬಿಡುವುದಿಲ್ಲ, ಪೂರ್ಣವಾಗಿ ಎಂದೂ ಹಿಡಿಯುವುದಿಲ್ಲ. ರಾತ್ರಿಯೆಲ್ಲ ನಿಂತ ಲಾರಿಯನ್ನು ಬೆಳಗ್ಗೆ ಚಾಲೂ ಮಾಡಿದೊಡನೆ ಒಂದೆರಡು ನಿಮಿಷ ಕೇಳುವ ಆರ್ಭಟ, ತೋಡುಗಳಲ್ಲಿ ತಂಗಿದ್ದ ಈ ಎಣ್ಣೆಯದೇ ಕಾರ್ಯ. ಅದು ಸೋರತೊಡಗಿದರೆ ಕ್ಲಚ್ಚಿನ ಮೊಗದ ಮೇಲೆ ಧೂಳು ಮೆತ್ತಿದ ಕಪ್ಪು ಜಿಡ್ಡಿನ ಗೆರೆಗಳು ಮೂಡುತ್ತವೆ. ಆಗ ಚಾಲಕನ ಬಾಯಲ್ಲಿ ಬರುವ ಮಾತು ಒಂದೇ: "ಡೈರೆಕ್ಟ್ ಮಾಡಿಬಿಡಪ್ಪ." ಎಂದರೆ, ಕ್ಲಚ್ಚಿನ ಗೊಡವೆಯೇ ಬೇಡ, ಫ್ಯಾನನ್ನು ಬೋಲ್ಟಿನಿಂದ ಬಿಗಿದು ಹಳೆಯ ಕಾಲಕ್ಕೆ ಮರಳಿಸು ಎಂದರ್ಥ.

ಗಾಳಿಯ ಒತ್ತಡದಿಂದ ಕೆಲಸಮಾಡುವ ಕ್ಲಚ್ಚುಗಳು ಅಮೆರಿಕದ ಭಾರಿ ಟ್ರಕ್ಕುಗಳಲ್ಲಿ, ಮುಖ್ಯವಾಗಿ 1973ರ ತೈಲಸಂಕಟವು ಇಂಧನದ ಬೆಲೆಯನ್ನು ಎಲ್ಲರಿಗೂ ಮನಗಾಣಿಸಿದ ಮೇಲೆ, ಬಳಕೆಗೆ ಬಂದುವು. ವಿದ್ಯುದಯಸ್ಕಾಂತದ ಕ್ಲಚ್ಚನ್ನು ಜರ್ಮನಿಯ ಲಿನ್ನಿಗ್ ಮೊದಲಾದ ಸಂಸ್ಥೆಗಳು ಬಸ್ಸು ಲಾರಿಗಳಿಗಾಗಿ ತಯಾರಿಸಿದುವು. ಇದರ ತತ್ತ್ವ ಕಾರಿನ ಏ.ಸಿ. ಕಂಪ್ರೆಸರನ್ನು ಬಿಚ್ಚಿ ನೋಡಿದ ಯಾರಿಗೂ ಪರಿಚಿತ: ನಿಶ್ಚಲವಾದ ಒಂದು ಕಾಯಿಲು, ಅದರ ಸುತ್ತ ತಿರುಗುವ ಪುಲ್ಲಿ, ಎದುರಿಗೆ ಕೂದಲೆಳೆಯ ಅಂತರದಲ್ಲಿ ಫ್ಯಾನಿಗೆ ಸೇರಿದ ಉಕ್ಕಿನ ತಟ್ಟೆ. ವಿದ್ಯುತ್ತು ಹರಿದರೆ ತಟ್ಟೆ ಪುಲ್ಲಿಗೆ ಅಂಟುತ್ತದೆ. ಕೆಲವೇ ಆಂಪಿಯರ್ ವಿದ್ಯುತ್ತು ಹತ್ತಾರು ಅಶ್ವಶಕ್ತಿಯ ಹರಿವಿಗೆ ಬಾಗಿಲು ತೆರೆಯುವ ಈ ಏರ್ಪಾಡು ಸುಂದರವಾದುದು. ಕ್ಲಚ್ಚೇತಕ್ಕೆ, ಕಾರಿನಲ್ಲಿರುವಂತೆ ಮೋಟರಿನಿಂದಲೇ ಫ್ಯಾನನ್ನು ತಿರುಗಿಸಬಾರದೆ ಎಂದು ಕೇಳುವವರುಂಟು. 20 ಕಿಲೋವಾಟ್ ಬೇಡುವ ಲಾರಿಯ ಫ್ಯಾನಿಗೆ 24 ವೋಲ್ಟಿನಲ್ಲಿ 800ಕ್ಕೂ ಮಿಕ್ಕ ಆಂಪಿಯರ್ ಹರಿಯಬೇಕೆಂಬ ಸರಳ ಭಾಗಾಕಾರವೇ ಅವರಿಗೆ ಉತ್ತರ.

ಭಾರತದಲ್ಲಿ ಈ ವಿಷಯಕ್ಕೆ ತುರ್ತು ಒದಗಿದ್ದು ಹೊಗೆಯ ನಿಯಮಗಳಿಂದ. ದೇಶಾದ್ಯಂತ 2017ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ ನಾಲ್ಕು, 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ ಆರು ಜಾರಿಗೆ ಬಂದುವಷ್ಟೆ. ಇವುಗಳ ದೆಸೆಯಿಂದ, ಟರ್ಬೋ ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನ ಜೊತೆಗೆ, ಅನೇಕ ಎಂಜಿನ್ನುಗಳಲ್ಲಿ ಮರಳಿ ಒಳಸೇರುವ ಹೊಗೆಯನ್ನು ತಣಿಸುವ ಹೊರೆಯೂ ಅದೇ ಫ್ಯಾನಿನ ಮೇಲೆ ಬಿದ್ದಿತು. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್ನಿಗೆ ಹವಾನಿಯಂತ್ರಣವು ಕಡ್ಡಾಯವಾಗಿದೆ. ಬೇಸಗೆಯ ಕಾವಿನಲ್ಲಿ ಬೆಂದ ಚಾಲಕನಿಗೆ ತಡವಾಗಿಯಾದರೂ ಸಂದ ನ್ಯಾಯವಿದು. ಅದರ ಕಂಡೆನ್ಸರಿಗೂ ಗಾಳಿ ಬೇಕು, ಅದೂ ಎಂಜಿನ್ ತಣ್ಣಗಿರುವಾಗಲೂ ಬೇಕು. ನಮ್ಮ ಮೈಸೂರಿನದೇ ಆದ ಬೆಮೆಲ್ ಕಾರ್ಖಾನೆಯ ಡಂಪರುಗಳು ತೆರೆದ ಗಣಿಗಳಲ್ಲಿ ಮಂದಗತಿಯಿಂದ ಮಹಾಭಾರವನ್ನು ಹೊತ್ತೇರುವಾಗ ಎದುರುಗಾಳಿಯ ನೆರವನ್ನು ನೆಚ್ಚುವಂತಿಲ್ಲವೆಂಬುದನ್ನು ನೆನೆದರೆ, ಬೀಸಣಿಗೆಯ ಈ ಚಿಂತೆ ಹೆದ್ದಾರಿಗೆ ಮಾತ್ರ ಸೀಮಿತವಲ್ಲವೆಂದು ತಿಳಿದೀತು.

ಹಳೆಯ ಲಾರಿಯೊಂದಕ್ಕೆ ವಿದ್ಯುತ್ ಕ್ಲಚ್ಚನ್ನು ಕೂಡಿಸುವುದನ್ನು ಬನ್ನಿಮಂಟಪದ ಒಂದು ಶೆಡ್ಡಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ನಿಂತು ನೋಡಿದ್ದೇನೆ. ಎಲೆಕ್ಟ್ರಿಷಿಯನ್ ಮೂವತ್ತು ದಾಟದ ಯುವಕ. ಚಾಲಕ ಐವತ್ತರ ಮೇಲಿನವರು. ಮೊದಲು ಬ್ಯಾಟರಿಯ ತಂತಿ ಕಳಚಿತು. ಆಮೇಲೆ ಅಳತೆ: ಕ್ಲಚ್ಚಿನ ದಪ್ಪದಷ್ಟು ಫ್ಯಾನು ಮುಂದಕ್ಕೆ ಸರಿಯುವುದರಿಂದ, ರೇಡಿಯೇಟರಿಗೂ ಎಲೆಗಳಿಗೂ ನಡುವೆ ಸಾಕಷ್ಟು ತೆರಪು ಉಳಿಯುವುದೇ, ಸುತ್ತಲಿನ ತಗಡಿನ ಬಳೆಯೊಳಗೆ ಎಲೆಗಳು ಅರ್ಧಕ್ಕೆ ಮೇಲ್ಪಟ್ಟು ಕುಳಿತಿರುವುವೇ ಎಂದು ಮೂರು ಬಾರಿ ನೋಡಿದರು. ತಟ್ಟೆಗೂ ಪುಲ್ಲಿಗೂ ನಡುವಣ ಸಂದಿಯನ್ನು ಫೀಲರ್ ಗೇಜಿನ ತೆಳು ಪಟ್ಟಿಗಳಿಂದ ನಾಲ್ಕು ಕಡೆಯೂ ಅಳೆದಾಗ ಒಂದು ಕಡೆ ತುಸು ಹೆಚ್ಚಿತ್ತು. ಬಿಚ್ಚಿ, ತೆಳುವಾದ ವಾಷರನ್ನು ಬದಲಿಸಿ, ಮತ್ತೆ ಅಳೆದರು. ಈ ಎಚ್ಚರಕ್ಕೆ ಕಾರಣವುಂಟು. ತಾಮ್ರದ ಪ್ರತಿರೋಧವು ಪ್ರತಿ ಡಿಗ್ರಿಗೆ ನೂರರಲ್ಲಿ 0.4ರಷ್ಟು ಏರುತ್ತದೆ, ತಣ್ಣಗಿದ್ದ ಕಾಯಿಲು ನೂರು ಡಿಗ್ರಿ ಹೆಚ್ಚು ಕಾದರೆ ಅದರಲ್ಲಿ ಹರಿಯುವ ವಿದ್ಯುತ್ತು ಮೊದಲಿನ ನೂರರಲ್ಲಿ ಎಪ್ಪತ್ತಕ್ಕೆ ಇಳಿಯುತ್ತದೆ. ಶೆಡ್ಡಿನ ನೆರಳಿನಲ್ಲಿ ಟಕ್ಕೆಂದು ಹಿಡಿಯುವ ಕ್ಲಚ್ಚು ಘಟ್ಟದ ನಡುವೆ, ಎಂದರೆ ನಿಜವಾಗಿ ಬೇಕಾದ ಗಳಿಗೆಯಲ್ಲಿ, ಸಂದಿ ಹೆಚ್ಚಿದ್ದರೆ ಹಿಡಿಯದೆ ಹೋಗಬಹುದು.

ತಂತಿಯ ಕ್ರಮ ಸರಳವೇ. ಬ್ಯಾಟರಿಯಿಂದ ಹೊರಟ ತಂತಿಗೆ ಬ್ಯಾಟರಿಯ ಸಮೀಪದಲ್ಲಿಯೇ ಫ್ಯೂಸು. ಅಲ್ಲಿಂದ ರಿಲೇಯ 30ನೆಯ ಕಾಲಿಗೆ. 87ನೆಯ ಕಾಲಿನಿಂದ ಕಾಯಿಲಿಗೆ. ಕಾಯಿಲಿನ ಇನ್ನೊಂದು ತುದಿ ಬಣ್ಣ ಕೆರೆದು ಬೆಳಗಿದ ಲೋಹಕ್ಕೆ ಅರ್ಥು. 86ಕ್ಕೆ ಕೀಲಿ ತಿರುಗಿಸಿದಾಗ ಮಾತ್ರ ಬರುವ ಕರೆಂಟು, ಇಲ್ಲವಾದರೆ ನಿಂತ ಲಾರಿಯ ಬ್ಯಾಟರಿ ರಾತ್ರಿಯಲ್ಲಿ ಬರಿದಾಗುತ್ತದೆ. 85ರಿಂದ ಹೊರಟ ತಂತಿ, ನೀರಿನ ಕಾವಿಗೆ ಕೂಡಿಕೊಳ್ಳುವ ಸ್ವಿಚ್ಚನ್ನು ಹಾದು ಅರ್ಥಿಗೆ. ಆ ಸ್ವಿಚ್ಚು 95 ಡಿಗ್ರಿಯ ಹತ್ತಿರ ಕೂಡಿ, 88 ಡಿಗ್ರಿಯ ಹತ್ತಿರ ಬಿಡುವಂಥದು; ಥರ್ಮೋಸ್ಟಾಟ್ ಪೂರ್ತಿ ತೆರೆಯುವ ಮೊದಲೇ ಫ್ಯಾನು ಹಿಡಿಯುವಂತೆ ಆರಿಸಿದರೆ ಎರಡೂ ಪರಸ್ಪರ ಕಾದಾಡುತ್ತವೆ. ಕಾವಿನ ಸ್ವಿಚ್ಚಿಗೆ ಸಮಾನಾಂತರವಾಗಿ, ಚಾಲಕನ ಕೈಗೆಟುಕುವಂತೆ, ಘಟ್ಟದ ಬುಡದಲ್ಲಿಯೇ ಒತ್ತಿಕೊಳ್ಳುವುದಕ್ಕೆಂದು ಇನ್ನೊಂದು ಸ್ವಿಚ್ಚು. ಕಾಯಿಲಿನ ಎರಡು ತುದಿಗಳ ನಡುವೆ ಒಂದು ಚಿಕ್ಕ ಡಯೋಡು. ವಿದ್ಯುತ್ತು ಕಡಿದ ಕ್ಷಣ ಕಾಯಿಲು ಹಿಮ್ಮುಖವಾಗಿ ಉಗುಳುವ ನೂರಾರು ವೋಲ್ಟುಗಳು ರಿಲೇಯನ್ನು ಸುಡದಂತೆ ಅದು ಕಾಯುತ್ತದೆ. ಕಂಪ್ಯೂಟರೇ ಕ್ಲಚ್ಚನ್ನು ಆಳುವ ಹೊಸ ಲಾರಿಗಳಲ್ಲಿ ಈ ಕೈಕೆಲಸ ಕೂಡದು. ಅಲ್ಲಿ ಒಂದು ತಂತಿಯನ್ನು ಸೀಳಿ ಸೇರಿಸಿದರೆ ಆ ವ್ಯವಸ್ಥೆಯೇ ದೋಷವನ್ನು ಸಾರುತ್ತದೆ.

"ವೈರ್ ಕಟ್ಟಾದ್ರೆ ಏನಪ್ಪಾ ಗತಿ?" ಎಂದು ಚಾಲಕರು ಕೇಳಿದರು. ಇಡೀ ವಿದ್ಯೆಯ ಅತ್ಯಂತ ಗಂಭೀರವಾದ ಪ್ರಶ್ನೆ ಇದೇ. ಸ್ಪ್ರಿಂಗಿನಿಂದ ಸದಾ ಹಿಡಿದಿದ್ದು, ಗಾಳಿಯ ಅಥವಾ ವಿದ್ಯುತ್ತಿನ ಬಲದಿಂದ ಬಿಡುವ ಕ್ಲಚ್ಚಾದರೆ ತಂತಿ ಕಡಿದಾಗ ಫ್ಯಾನು ತಿರುಗುತ್ತಲೇ ಇರುತ್ತದೆ. ನಷ್ಟ ಡೀಸೆಲಿಗೆ ಮಾತ್ರ. ವಿದ್ಯುತ್ತಿನಿಂದ ಹಿಡಿಯುವುದಾದರೆ ಫ್ಯಾನು ನಿಲ್ಲುತ್ತದೆ. ನಷ್ಟ ಗ್ಯಾಸ್ಕೆಟ್ಟಿಗೆ, ಹೆಡ್ಡಿಗೆ, ಕೆಲವೊಮ್ಮೆ ಮಾಲೀಕನ ಜೀವಮಾನದ ಗಳಿಕೆಗೆ. ಘಟ್ಟಗಳ ನಡುವೆ ಬದುಕುವ ನಮ್ಮ ಸೀಮೆಗೆ ಮೊದಲನೆಯ ಬಗೆಯೇ ಯೋಗ್ಯವೆಂದು ನಾನು ದೃಢವಾಗಿ ನಂಬಿದ್ದೇನೆ. ಅಂದು ಕೂಡಿಸುತ್ತಿದ್ದುದು ಎರಡನೆಯ ಬಗೆ. ಯುವಕನು ಉತ್ತರವಾಗಿ, ತಟ್ಟೆಯಲ್ಲಿ ಕೊರೆದಿದ್ದ ಮೂರು ರಂಧ್ರಗಳನ್ನು ಬೆರಳಿಟ್ಟು ತೋರಿಸಿದನು. "ಇಂಜಿನ್ ಆಫ್ ಮಾಡಿ, ಈ ಮೂರು ಬೋಲ್ಟ್ ಹಾಕಿ ಟೈಟ್ ಮಾಡ್ಕೊಳಿ ಅಣ್ಣ, ಡೈರೆಕ್ಟ್ ಆಗುತ್ತೆ, ಮನೆ ಸೇರ್ಕೋಬಹುದು." ಚಾಲಕರು ಆ ಬೋಲ್ಟುಗಳನ್ನು ಕಾಗದದಲ್ಲಿ ಸುತ್ತಿಸಿಕೊಂಡು, ಕ್ಯಾಬಿನ್ನಿನಲ್ಲಿ ದೇವರ ಪಟದ ಹಿಂದಿನ ಗೂಡಿನಲ್ಲಿಟ್ಟರು.

ಸಂಜೆ ಎಂಜಿನ್ ಚಾಲೂ ಆಯಿತು. ರೇಡಿಯೇಟರಿನ ಮುಂದೆ ರಟ್ಟನ್ನು ಹಿಡಿದು ಗಾಳಿಯನ್ನು ತಡೆದರು. ಮುಳ್ಳು ನಿಧಾನವಾಗಿ ಏರಿತು. ಟಕ್ಕೆಂಬ ಸದ್ದಿನೊಡನೆ ಫ್ಯಾನು ಹಿಡಿದು ರಟ್ಟನ್ನು ಜಾಲರಿಗೆ ಸೆಳೆದುಕೊಂಡಿತು. ನೆರೆದಿದ್ದವರು ಕೆಲಸ ಮುಗಿಯಿತೆಂದು ಹಿಂದಕ್ಕೆ ಸರಿದರು. ಎಲೆಕ್ಟ್ರಿಷಿಯನ್ ಮಾತ್ರ ರಟ್ಟನ್ನು ಕಿತ್ತು, ಕೈಕಟ್ಟಿ, ಕಿವಿಯನ್ನು ಎಂಜಿನ್ನಿನ ಕಡೆಗೊಡ್ಡಿ ನಿಂತೇ ಇದ್ದನು. ಎರಡು ಮೂರು ನಿಮಿಷ ಕಳೆಯಿತು. ಮತ್ತೊಂದು ಟಕ್ಕು ಕೇಳಿಸಿ, ಆರ್ಭಟವಿಳಿದು, ಎಂಜಿನ್ನಿನ ಸ್ವಂತ ದನಿಯಷ್ಟೇ ಉಳಿದ ಮೇಲೆ ಅವನು ತನ್ನ ಟೆಸ್ಟ್ ಲ್ಯಾಂಪನ್ನು ಸುತ್ತಿ ಚೀಲಕ್ಕೆ ಹಾಕಿಕೊಂಡನು.