ಯಾಕೆ ಕುಡಿತೀಯಪ್ಪಾ?

'ಆ ಜನಾನೇ ಹಂಗೆ, ದುಡಿದದ್ದೆಲ್ಲಾ ಹೆಂಡದಂಗಡಿಗೆ' ಎಂಬ ಮಾತು ಕೇಳಿಯೇ ಬೆಳೆದವರು ನಾವು. ನಮ್ಮಪ್ಪಂದಿರು ಯಾಕೆ ಕುಡಿದರು ಅಂತ ಮಾತ್ರ ಯಾರೂ ಕೇಳಲಿಲ್ಲ.

ಸರ್ಕಾರಗಳೂ ಕೇಳಲಿಲ್ಲ. 1967ರಲ್ಲಿ ಮೈಸೂರು ರಾಜ್ಯ ಪಾನನಿಷೇಧ ಕೈಬಿಟ್ಟಿತು; ಅಬಕಾರಿ ಹಣ ಖಜಾನೆಗೆ ಹರಿಯಿತು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಕೂಲಿಯವನು ಅದಕ್ಕಿಂತ ದುಬಾರಿಯಾದ ವಿಸ್ಕಿ, ರಮ್ಮಿನ ಕಡೆ ತಿರುಗಿದ. ಕುಡಿಯುವ ಕಾರಣ ಹಾಗೇ ಉಳಿಯಿತು.

ಮಲದ ಗುಂಡಿಗೆ ಇಳಿಯುವವನು ನಾತ ತಡೆಯಲು ಕುಡಿದ. ಮೂಟೆ ಹೊತ್ತವನು ಮೈಕೈ ನೋವಿಗೆ ಕುಡಿದ. ಸಾಲಗಾರ ನಿದ್ದೆಗೆ, ಹಬ್ಬದ ನೆಂಟರು ಖುಷಿಗೆ. ಇವರಿಗೆಲ್ಲ ಒಂದೇ ಉಪದೇಶ ಸಾಕೇ? ಮಲ ಹೊರಿಸುವುದನ್ನು 1993ರಲ್ಲಿ, ಮತ್ತೆ 2013ರಲ್ಲಿ ಕಾನೂನು ನಿಷೇಧಿಸಿತು. ಆಮೇಲೂ ಗುಂಡಿಗೆ ಮನುಷ್ಯರನ್ನೇ ಇಳಿಸಿದರು.

ಅಮೆರಿಕದ ಮನೋವಿಜ್ಞಾನಿ ವಿಲಿಯಂ ಮಿಲ್ಲರ್ 1983ರಲ್ಲಿ ಹೊಸ ದಾರಿಯೊಂದನ್ನು ಬರೆದರು: ಎದುರು ನಿಂತು ಬೈದರೆ ಕುಡಿಯುವವನು ಕುಡಿತದ ಪರವೇ ವಾದಿಸುತ್ತಾನೆ, ಕೂತು ಕೇಳಿಸಿಕೊಂಡರೆ ಬಿಡಬೇಕಾದ ಕಾರಣವನ್ನು ತಾನೇ ಹೇಳುತ್ತಾನೆ. ಅಲ್ಲಿಯ ಲಿನ್ ಕೂಪರ್ 1994ರಲ್ಲಿ ಕುಡಿತದ ಕಾರಣಗಳನ್ನು ನಾಲ್ಕಾಗಿ ವಿಂಗಡಿಸಿದರು. ದುಃಖ ಮರೆಯಲು ಕುಡಿಯುವವರು ಹೆಚ್ಚು ತೊಂದರೆಗೆ ಸಿಲುಕುತ್ತಾರೆಂದು ಇಂಥ ಅಧ್ಯಯನಗಳು ತೋರಿಸಿವೆ.

ಗೆಳೆಯರೇ, ಕೇರಿಗೆ ಹೋದಾಗ ಮೊದಲು ಕೇಳೋಣ. ನೋವಿಗೆ ಕುಡಿದವನ ಜೊತೆ ಆಸ್ಪತ್ರೆಗೆ, ಸಾಲಕ್ಕೆ ಕುಡಿದವನ ಜೊತೆ ಸಂಘಕ್ಕೆ, ನಾತಕ್ಕೆ ಕುಡಿದವನ ಜೊತೆ ಅವನನ್ನು ಗುಂಡಿಗಿಳಿಸಿದವರ ಬಾಗಿಲಿಗೆ ಹೋಗೋಣ. ದಿನವೂ ವಿಪರೀತ ಕುಡಿಯುವವನಿಗೆ ಒಮ್ಮೆಗೇ ನಿಲ್ಲಿಸು ಅನ್ನಬೇಡಿ. ಜೀವಕ್ಕೇ ಅಪಾಯ, ಡಾಕ್ಟರ ಹತ್ತಿರ ಕರೆದೊಯ್ಯಿರಿ.

ನಮ್ಮಪ್ಪಂದಿರನ್ನು ಕೇಳದೇ ಹೋದೆವು. ಅಣ್ಣತಮ್ಮಂದಿರನ್ನಾದರೂ ಕೇಳೋಣ.